ಅಕ್ಕನ ಬೆನ್ನು, ನನ್ನ ಎಡಗಾಲು

ರಾಜಾಜಿನಗರದಲ್ಲಿ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಕೈರೋಪ್ರಾಕ್ಟಿಕ್ ಕ್ಲಿನಿಕ್ ಇಟ್ಟುಕೊಂಡಿರುವ ಡಾಕ್ಟರೊಬ್ಬರ ಮೇಲೆ ಹೋದ ವರ್ಷ ನಾನು ಕೂಗಾಡಿ ಬಂದೆ. ಮಾತ್ರೆ ಇಂಜೆಕ್ಷನ್ ಇಲ್ಲದೆ ಬರಿಗೈಯಲ್ಲಿ ಬೆನ್ನು, ಕುತ್ತಿಗೆಯ ಮೂಳೆಗಳನ್ನು ಒತ್ತಿ ತಿರುಗಿಸಿ ನೋವು ಇಳಿಸುವುದು ಅವರ ಕೆಲಸ. ಇಂಥ ಕಡೆ ಜನ ಜಗಳಕ್ಕೆ ಹೋಗುವುದು ಏನೋ ಮಾಡಿ ಕೆಡಿಸಿಬಿಟ್ಟಿರಿ ಅಂತ. ನಾನು ಜಗಳ ಆಡಿದ್ದು ಏನೂ ಮಾಡಲಿಲ್ಲ ಅಂತ. ಕಾಯುತ್ತ ಕುಳಿತಿದ್ದವರೆಲ್ಲ ಮೊಬೈಲಿನಿಂದ ತಲೆಯೆತ್ತಿ ನೋಡುವಷ್ಟು ಜೋರಾಗಿ ಆಡಿದೆ.

ಆ ಸಿಟ್ಟು ಅವತ್ತು ಹುಟ್ಟಿದ್ದಲ್ಲ, ಮೂರು ತಿಂಗಳಿಂದ ಒಳಗೇ ಕುದಿಯುತ್ತಿತ್ತು. ನೋವು ನನ್ನದಲ್ಲ, ಅಕ್ಕನದು. ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಬಸವೇಶ್ವರನಗರದ ಮನೆಯ ಮುಂದಿನ ಕೋಣೆಯಲ್ಲಿ ಕೂತು ಮೂವತ್ತು ವರ್ಷದಿಂದ ಹೊಲಿಗೆ ಮೆಷಿನ್ ತುಳಿದವಳು. ಬ್ಲೌಸು, ಲಂಗ, ಸೀರೆಗೆ ಫಾಲ್ಸು. ಮೋಟಾರ್ ಹಾಕಿಸಿಕೋ ಅಂದರೆ, ಕಾಲಲ್ಲಿ ತುಳಿದರೇ ಹೊಲಿಗೆ ಕೈಗೆ ಸಿಗುವುದು ಅನ್ನುತ್ತಿದ್ದಳು. ಭಾವ ತೀರಿಕೊಂಡ ಮೇಲೆ ಆ ಮನೆ ನಡೆದದ್ದು ಅವಳ ಎರಡು ಕಾಲಿನಿಂದಲೇ.

ಗ್ಯಾಸ್ ಸಿಲಿಂಡರ್ ಸರಿಸಲು ಬಗ್ಗಿದಾಗ ಅವಳ ಬೆನ್ನು ಹಿಡಿದುಕೊಂಡಿತು. ನೋವು ಸೊಂಟದಿಂದ ಇಳಿದು, ಬಲತೊಡೆಯ ಹಿಂದಿನಿಂದ ಪಾದದವರೆಗೆ ಹೋಯಿತು. ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರಡು ಗಂಟೆ ಕಾಯಿಸಿದರು, ಎರಡು ನಿಮಿಷ ನೋಡಿದರು. ನೋಡಿದರು ಅನ್ನುವುದೂ ತಪ್ಪು, ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ. ವಯಸ್ಸಾಯಿತಲ್ಲಮ್ಮ, ಬಗ್ಗಬೇಡಿ, ಹೆಚ್ಚು ಹೊತ್ತು ಕೂರಬೇಡಿ ಎಂದರು. ಹೊಲಿಯುವವಳು ಕೂರದೆ ನಿಂತುಕೊಂಡು ಹೊಲಿಯುತ್ತಾಳೆಯೇ? ಅವರ ಮಾತ್ರೆಗೆ ನೋವು ಹೋಗದೆ ಹೊಟ್ಟೆ ಉರಿ ಬಂತು. ಆಮೇಲೆ ಸೊಂಟಕ್ಕೆ ಬೆಲ್ಟು, ಪಕ್ಕದ ಮನೆಯವರು ಹೇಳಿದ ಎಣ್ಣೆ, ಬಿಸಿನೀರಿನ ಚೀಲ. ಸಲಹೆ ಕೊಡಲು ಬರದವರು ಬಸವೇಶ್ವರನಗರದಲ್ಲಿ ಒಬ್ಬರೂ ಇಲ್ಲ ಎಂದು ಆ ಮೂರು ತಿಂಗಳಲ್ಲಿ ತಿಳಿಯಿತು.

ಬ್ಲೌಸ್ ಹೊಲಿಸಲು ಬಂದ ಹುಡುಗಿಯೊಬ್ಬಳು ಮೊಬೈಲಿನಲ್ಲಿ ವಿಡಿಯೋ ತೋರಿಸಿದಳು. ಒಬ್ಬರು ನರಳುತ್ತ ಬಂದು ಬೋರಲು ಮಲಗುತ್ತಾರೆ. ಡಾಕ್ಟರು ಒತ್ತುತ್ತಾರೆ, ಟಕ್ ಅನ್ನುತ್ತದೆ. ಎದ್ದು ನಗುತ್ತ ನಡೆದುಹೋಗುತ್ತಾರೆ. ಅಕ್ಕ ಅದನ್ನು ಹತ್ತು ಸಲ ನೋಡಿದಳು. ಅವಳ ಮುಖದಲ್ಲಿ ಮತ್ತೆ ಆಸೆ ಕಂಡದ್ದು ಅವತ್ತೇ. ನಾನು ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತೆ. ಶುಕ್ರವಾರ ರಜೆ ಹಾಕಿ ಅವಳನ್ನು ಆಟೋದಲ್ಲಿ ರಾಜಾಜಿನಗರಕ್ಕೆ ಕರೆದೊಯ್ದೆ.

ಆ ಡಾಕ್ಟರು ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು. ನೋವು ಎಲ್ಲಿ ಶುರುವಾಗುತ್ತದೆ, ಎಲ್ಲಿ ನಿಲ್ಲುತ್ತದೆ, ಕೆಮ್ಮಿದರೆ ಏನಾಗುತ್ತದೆ. ಹಿಮ್ಮಡಿಯ ಮೇಲೆ ನಡೆಸಿ ನೋಡಿದರು. ಅಕ್ಕನ ಬಲಪಾದ ನೆಲಕ್ಕೆ ಬಡಿಯುತ್ತಿತ್ತು. ಹೆಬ್ಬೆರಳನ್ನು ಮೇಲೆತ್ತಿ ಅಂದರೆ ಎತ್ತಲು ಆಗಲಿಲ್ಲ. ಆಮೇಲೆ ದನಿ ತಗ್ಗಿಸಿ, ಒಂದಕ್ಕೆ ಹೋಗುವುದು ತಿಳಿಯುತ್ತದೆಯೇ, ತೊಡೆಸಂದಿಯಲ್ಲಿ ಜೋಮು ಹಿಡಿದ ಹಾಗಿದೆಯೇ ಎಂದು ಕೇಳಿದರು. ಅಕ್ಕ ಕೆಂಪಾಗಿ, ಅಂಥ ತೊಂದರೆಯೇನೂ ಇಲ್ಲ ಎಂದು ತಲೆಯಾಡಿಸಿದಳು. ನನಗೆ ಮೈಯೆಲ್ಲ ಉರಿಯಿತು. ಬೆನ್ನು ನೋವೆಂದು ಬಂದ ಹೆಂಗಸಿನ ಹತ್ತಿರ ಗಂಡಸು ಕೇಳುವ ಮಾತೇ ಅದು ಅನ್ನಿಸಿತು.

ಕೊನೆಗೆ ಅವರು, ನಾನು ಇವರಿಗೆ ಕೈ ಹಾಕುವುದಿಲ್ಲ, ಬೆನ್ನಿನಲ್ಲಿ ನರ ಒತ್ತಿಕೊಂಡಿರುವ ಹಾಗಿದೆ, ಇವತ್ತೇ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು. ಫೀಸು ಬೇಡ ಎಂದರು. ಫೀಸು ಬೇಡ ಅನ್ನುವವನಿಗೆ ಕೆಲಸ ಬರುವುದಿಲ್ಲ ಎಂದು ನಾನು ತೀರ್ಮಾನಿಸಿದೆ. ಊರವರಿಗೆಲ್ಲ ಟಕ್ ಅನ್ನಿಸಿ ವಿಡಿಯೋ ಹಾಕುವವರಿಗೆ ನಮ್ಮಕ್ಕನ ಬೆನ್ನು ಏನು ಅನ್ಯಾಯ ಮಾಡಿತ್ತು, ಬರದಿದ್ದರೆ ಬರುವುದಿಲ್ಲ ಎಂದು ಬೋರ್ಡು ಹಾಕಿಕೊಳ್ಳಿ ಎಂದೆಲ್ಲ ಕೂಗಿದೆ. ಆ ಮನುಷ್ಯ ಸಿಟ್ಟಾಗಲಿಲ್ಲ.

“ಮಾಡೋಕ್ ಬರತ್ತೆ ಅಂತಾನೇ ಬೇಡ ಅಂತಿದೀನಿ, ಮೇಡಂ,” ಎಂದರು. “ದಯವಿಟ್ಟು ಇವತ್ತೇ ಹೋಗಿ.”

ಆಟೋದಲ್ಲಿ ಅಕ್ಕ ಆ ಚೀಟಿಯನ್ನು ಮಡಿಸುತ್ತ ಬಿಡಿಸುತ್ತ ಕೂತಳು. ಸ್ಕ್ಯಾನ್ ಅಂದರೆ ಆಪರೇಷನ್, ಆಪರೇಷನ್ ಅಂದರೆ ಮಂಚ ಎಂಬ ಲೆಕ್ಕ ಅವಳದು. ಅವಳ ಆ ಮುಖ ನೋಡಲಾಗದೆ ನಾನು ಒಂದು ಮಾತು ಹೇಳಿದೆ. ಅವಳಲ್ಲ, ನಾನು.

“ಅವನ್ ಕೈಲಾಗ್ದಿದ್ರೆ ಬಿಡು. ಮನೆಗ್ ನಡಿ, ನಾನೇ ತುಳಿತೀನಿ.”

ಇದನ್ನು ಬಿಡಿಸಿ ಹೇಳಬೇಕು. ನಾನು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರ ಕಾಲು ಸೋಕಿದರೆ ಹಿಡಿದುಕೊಂಡ ಬೆನ್ನು ಬಿಡುತ್ತದೆ ಎಂಬುದು ನಮ್ಮಲ್ಲಿ ಹಳೆಯ ನಂಬಿಕೆ. ವಿಜಯನಗರದ ನಮ್ಮ ವಠಾರಕ್ಕೆ ಬೆಳಗಾಗುತ್ತಲೇ ಯಾರಾದರೊಬ್ಬರು ಸೊಂಟ ಹಿಡಿದುಕೊಂಡು ಬರುತ್ತಿದ್ದರು. ಬಾಗಿಲ ಮುಂದೆ ಅಮ್ಮ ಚಾಪೆ ಹಾಸುತ್ತಿದ್ದಳು. ಅವರು ಬೋರಲು ಮಲಗಿದರೆ ನಾನು ಮುಖ ತೊಳೆಯುವ ಮೊದಲು ಎಡಗಾಲಿನಿಂದ ಮೂರು ಸಲ ಮೆತ್ತಗೆ ತುಳಿಯಬೇಕು. ಹೀಗೆ ಮೂರು ಬೆಳಗು. ನಡುವೆ ಬೇರೆ ಮದ್ದು ಮಾಡಬಾರದು. ನಾನು ವಾಲದ ಹಾಗೆ ಅಕ್ಕ ನನ್ನ ತೋಳು ಹಿಡಿದುಕೊಂಡು ನಿಲ್ಲುತ್ತಿದ್ದಳು. ಕೊನೆಯ ದಿನ ನನಗೆ ಕಲ್ಲುಸಕ್ಕರೆ ಸಿಗುತ್ತಿತ್ತು. ಸುಮ್ಮನೆ ಹಿಡಿದುಕೊಂಡ ಬೆನ್ನು ಮೂರು ದಿನಕ್ಕೆ ತಾನಾಗಿಯೇ ಬಿಡುತ್ತದೆ, ಹೆಸರು ನನ್ನ ಕಾಲಿಗೆ ಬರುತ್ತಿತ್ತು ಎಂಬುದು ಅಷ್ಟು ಓದಿದ ನನಗೆ ಹೊಳೆಯಲೇ ಇಲ್ಲ. ಹೊಳೆದಿತ್ತೇನೋ, ಬೇಕಾಗಿರಲಿಲ್ಲ.

ಕೆಂಗೇರಿ ಉಪನಗರದ ನನ್ನ ಮನೆಗೆ ಫೋನ್ ಮಾಡಿ ಸೋಮವಾರದವರೆಗೆ ಬರುವುದಿಲ್ಲ ಎಂದೆ. ಡಾಕ್ಟರ ಚೀಟಿಯನ್ನು ಮೆಷಿನ್ನಿನ ಡ್ರಾಯರಿನಲ್ಲಿ ದಾರದ ಉಂಡೆಗಳ ಕೆಳಗೆ ಹಾಕಿದ್ದು ನಾನೇ. ಶನಿವಾರ ತುಳಿದೆ. ಹಗುರಾಯಿತು ಎಂದಳು ಅಕ್ಕ. ನನ್ನ ಜಂಬ ಕೇಳಬೇಕೇ? ನೋಡಿದೆಯಾ ಎಂದು ಆ ಡಾಕ್ಟರನ್ನು ತಿಂಡಿ ತಿನ್ನುವಷ್ಟು ಹೊತ್ತೂ ಬೈದೆ. ಭಾನುವಾರ ತುಳಿದೆ. ಅವತ್ತು ಸಂಜೆ ಹಾಲು ತರಲು ಹೊರಟ ಅಕ್ಕ ಒಂದೇ ಚಪ್ಪಲಿಯಲ್ಲಿ ಗೇಟಿನವರೆಗೆ ಹೋಗಿದ್ದಳು. ಬಲಗಾಲಿನದು ಬಾಗಿಲಲ್ಲೇ ಕಳಚಿ ಉಳಿದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಪಟ್ಟಿ ಸಡಿಲವಾಗಿದೆ, ಹೊಸ ಜೊತೆ ತೆಗೆದುಕೋ ಅಂದೆ ನಾನು. ಆ ಮಾತು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಸೋಮವಾರ ಬೆಳಿಗ್ಗೆ ಚಾಪೆಯ ಮೇಲೆ ಮಲಗಿದಳು. ನಾನು ಮೂರು ಸಲ ತುಳಿದೆ. ಏಳು ಅಂದರೆ ಏಳಲು ಆಗಲಿಲ್ಲ. ಕೈಹಿಡಿದು ಎಬ್ಬಿಸಿದಾಗ ಅವಳ ನೈಟಿ, ಅದರ ಕೆಳಗಿನ ಚಾಪೆ, ಎರಡೂ ಒದ್ದೆಯಾಗಿದ್ದವು. ಅವಳಿಗೆ ಗೊತ್ತಿರಲಿಲ್ಲ. ನನ್ನ ಮುಖ ನೋಡಿ, ಆಮೇಲೆ ಬಗ್ಗಿ ನೋಡಿಕೊಂಡಳು. ಶುಕ್ರವಾರ ಆ ಡಾಕ್ಟರು ದನಿ ತಗ್ಗಿಸಿ ಕೇಳಿದ ಪ್ರಶ್ನೆ ಯಾಕಿತ್ತು ಎಂದು ಆಗ ಗೊತ್ತಾಯಿತು. ಡ್ರಾಯರಿನಿಂದ ಚೀಟಿ ತೆಗೆದುಕೊಂಡು ಆಟೋ ಕರೆಯಲು ಓಡಿದೆ.

ಆಸ್ಪತ್ರೆಯಲ್ಲಿ ಒಬ್ಬರು ಲೇಡಿ ಡಾಕ್ಟರು ಚೀಟಿ ಓದಿದರು. ಎರಡನೆಯ ಸಲ ಓದಿದರು. ಶುಕ್ರವಾರ ಬರೆದುಕೊಟ್ಟಿದ್ದಾರೆ, ಇವತ್ತು ಸೋಮವಾರ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸ್ಟ್ರೆಚರಿನ ಮೇಲಿಂದ ಅಕ್ಕ ಹೇಳಿದಳು.

“ನಾನೇ ಬಚ್ಚಿಟ್ಟಿದ್ದೆ ಮೇಡಂ. ಆಪರೇಷನ್ ಅಂದ್ರೆ ಭಯ. ಇವಳಿಗೇನೂ ಗೊತ್ತಿಲ್ಲ.”

ಡಾಕ್ಟರು ಅವಳನ್ನು ಚೆನ್ನಾಗಿ ಬೈದರು. ಓದು ಬರಹ ಬರುವುದಿಲ್ಲವೇ, ನಿಮ್ಮ ಮೈ ಮೇಲೆ ನಿಮಗೇ ನಿಗಾ ಬೇಡವೇ ಎಂದರು. ಅಕ್ಕ ತಪ್ಪಾಯಿತು ಎಂದಳು. ಕ್ಲಿನಿಕ್ ಸಿಡಿದುಹೋಗುವಂತೆ ಕೂಗಾಡಿದ್ದ ನಾನು ತುಟಿ ಪಿಟಕ್ಕೆನ್ನದೆ ಪಕ್ಕದಲ್ಲಿ ನಿಂತಿದ್ದೆ.

ಅವತ್ತೇ ಆಪರೇಷನ್ ಆಯಿತು. ಒಂದೆರಡು ತಿಂಗಳಿಗೆ ಉಳಿದದ್ದೆಲ್ಲ ಹತೋಟಿಗೆ ಬಂತು, ಬಲಪಾದ ಬರಲಿಲ್ಲ. ಮೇಲೆತ್ತಲು ಆಗುವುದಿಲ್ಲ. ಪ್ಲಾಸ್ಟಿಕ್ ಪಟ್ಟಿ ಕಟ್ಟಿಕೊಂಡು ನಡೆಯುತ್ತಾಳೆ. ಮೊದಲೇ ಬಂದಿದ್ದರೆ ಕಾಲು ಉಳಿಯುತ್ತಿತ್ತೇನೋ, ಹೇಳಲಾಗದು ಎಂದರು. ಆ ಹೇಳಲಾಗದು ಎಂಬ ಮಾತು ನನ್ನ ಪಾಲಿಗೆ ಬಂದಿದೆ. ಮೆಷಿನ್ನಿಗೆ ಈಗ ಮೋಟಾರ್ ಹಾಕಿಸಿದ್ದೇವೆ, ಎಡಗಾಲಲ್ಲಿ ಒತ್ತುತ್ತಾಳೆ. ಹೊಲಿಗೆ ಕೈಗೆ ಸಿಗುವುದಿಲ್ಲ ಎಂದು ಬ್ಲೌಸು ಬಿಟ್ಟು ಫಾಲ್ಸು ಮಾತ್ರ ಹಾಕುತ್ತಾಳೆ. ಆ ಔಷಧಿ ಅಂಗಡಿಯವರೆಗೆ ನಾನು ಎರಡು ಸಲ ಹೋಗಿದ್ದೇನೆ. ಮೆಟ್ಟಿಲು ಹತ್ತದೆ ತಲೆನೋವಿನ ಮಾತ್ರೆ ಕೊಂಡು ವಾಪಸ್ಸು ಬಂದಿದ್ದೇನೆ.

ಹೋದ ತಿಂಗಳು ಬ್ಯಾಡರಹಳ್ಳಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ನಮ್ಮ ಚಿಕ್ಕಮ್ಮ ಎದುರಿಗೆ ಕೂತಿದ್ದರು. ಅಕ್ಕ ಕಾಲೆಳೆಯುತ್ತ ಬಂದು ಕೂತದ್ದನ್ನು ನೋಡಿ ಸುತ್ತಲಿನವರಿಗೆಲ್ಲ ಕಥೆ ಹೇಳತೊಡಗಿದರು. ರಾಜಾಜಿನಗರದಲ್ಲಿ ಬೆನ್ನು ತಿರುಚುವವನೊಬ್ಬನಿದ್ದಾನೆ, ಟಕ್ ಅನ್ನಿಸಿ ಇವಳ ಕಾಲು ತೆಗೆದುಬಿಟ್ಟ, ಅಂಥವನನ್ನು ಒಳಗೆ ಹಾಕಿಸಬೇಕು. ನಮ್ಮ ಕಡೆಯಲ್ಲಿ ಒಂದು ವರ್ಷದಿಂದ ಓಡಾಡುತ್ತಿದ್ದ ಮಾತು ಅದು. ನಾನು ಹುಟ್ಟಿಸಿದ್ದಲ್ಲ, ತಡೆದವಳೂ ಅಲ್ಲ. ಅಷ್ಟಕ್ಕೆ ಬಿಟ್ಟಿದ್ದರೆ ಅವತ್ತೂ ಹೋಳಿಗೆ ತಿಂದು ಎದ್ದು ಬರುತ್ತಿದ್ದೆನೇನೋ. ಚಿಕ್ಕಮ್ಮ ನನ್ನ ಕಡೆ ತಿರುಗಿದರು.

“ಮನೇಲೇ ನಿನ್ ಕಾಲಿತ್ತಲ್ಲೇ. ಅಲ್ಲಿಗ್ಯಾಕೇ ಕರ್ಕೊಂಡ್ ಹೋದೆ?”

ನಾನು ಎಲೆಯ ಮುಂದಿನಿಂದ ಎದ್ದು ನಿಂತೆ. ಪಂಕ್ತಿಯಲ್ಲಿ ಹಾಗೆ ಏಳಬಾರದು, ಎದ್ದೆ. ಆ ಡಾಕ್ಟರು ಅಕ್ಕನ ಬೆನ್ನಿಗೆ ಕೈ ಹಾಕಲೇ ಇಲ್ಲ, ಇವತ್ತೇ ಆಸ್ಪತ್ರೆಗೆ ಹೋಗಿ ಎಂದು ಬೇಡಿಕೊಂಡ ಒಬ್ಬನೇ ಒಬ್ಬ ಮನುಷ್ಯ ಅವರು, ಮೂರು ಬೆಳಗು ತುಳಿಯುತ್ತ ಮನೆಯಲ್ಲೇ ಇರಿಸಿಕೊಂಡವಳು ನಾನು, ಚೀಟಿ ಬಚ್ಚಿಟ್ಟವಳು ನಾನು ಎಂದೆ. ಬಡಿಸುವವರು ಸೌಟು ಹಿಡಿದು ನಿಂತುಬಿಟ್ಟರು. ಚಿಕ್ಕಮ್ಮ ಹೋಳಿಗೆ ಮುರಿಯುತ್ತ, ಮೂರನೆಯ ದಿನ ಸರಿಯಾಗಿ ಎಡಗಾಲಲ್ಲೇ ತುಳಿದೆಯೇನೇ ಎಂದು ಕೇಳಿದರು. ಕೈ ತೊಳೆಯಲು ಹೊರಗೆ ಬಂದೆ.

ಅಕ್ಕ ಗೋಡೆ ಹಿಡಿದುಕೊಂಡು ಹಿಂದೆಯೇ ಬಂದಳು. ನಲ್ಲಿ ತಿರುಗಿಸಿ ನನ್ನ ಕೈಗೆ ನೀರು ಬಿಟ್ಟಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

“ಯಾರ್ ಕೇಳಿದ್ರು ನಿನ್ನ?” ಎಂದಳು. “ನನ್ ಕಾಲಂತೂ ಹೋಯ್ತು. ನಿನ್ ಮರ್ಯಾದೆನಾದ್ರೂ ಉಳೀಲಿ ಅಂತ ವರ್ಷದಿಂದ ಬಾಯ್ ಮುಚ್ಕೊಂಡಿದ್ದೆ ಕಣೇ.”