ಕಲ್ಲು ಬಿಡುವ ಪದ

ನಮ್ಮೂರಿನಲ್ಲಿ ರಾಗಿಯನ್ನು ಮೊದಲು ಮಿಷಿನ್ನಿಗೆ ಹಾಕಿಸಿದವನು ನಾನು. ಚನ್ನಪಟ್ಟಣದ ಸ್ಟೇಷನ್ ಹತ್ತಿರ ಎಣ್ಣೆ ಇಂಜಿನ್ನಿನ ಹಿಟ್ಟಿನ ಮಿಷಿನ್ನು ಬಂದ ಹೊಸದರಲ್ಲಿ, ದೊಡ್ಡಮಳೂರಿನ ಆಚೆಯ ನಮ್ಮ ಹಳ್ಳಿಯವರು ಆ ಹಿಟ್ಟಿಗೆ ಸೀಮೆಎಣ್ಣೆ ವಾಸನೆ ಹತ್ತುತ್ತದೆ, ಮುದ್ದೆ ಉಂಡರೆ ಹೊಟ್ಟೆ ಉಬ್ಬರಿಸುತ್ತದೆ ಎಂದು ದೂರವೇ ಇದ್ದರು. ನಾನು ಗಾಡಿಯಲ್ಲಿ ಮೂಟೆ ಹಾಕಿಕೊಂಡು ಹೋಗಿ ಹಿಟ್ಟು ಮಾಡಿಸಿ ತಂದೆ. ಬಾವಿಯ ಹತ್ತಿರ ಹೆಂಗಸರಿಗೆ ಅದೇ ಮಾತು.

"ಹೆಂಡ್ತಿ ರಟ್ಟೆ ನೋಯ್ತದೆ ಅಂತ ಮಿಷಿನ್ ಮಾಡ್ಸವ್ನೆ ಕಣವ್ವ. ಗಂಡ ಅಂದ್ರೆ ಅವನು. ನಮ್ಮನೇಲೂ ಒಂದೈತೆ, ಉಂಡ ಗಂಗಳ ಅತ್ತ ಸರಿಸಾಕಿಲ್ಲ."

ಆ ಹೊಗಳಿಕೆಯನ್ನು ಇಷ್ಟು ವರ್ಷ ಉಂಡುಕೊಂಡು ಬಂದಿದ್ದೇನೆ. ಮಗಳನ್ನು ನೋಡಲು ಬಂದ ಬೀಗರೂ ಅದನ್ನೇ ಎತ್ತಿ ಆಡಿದರು. ಇಂಥ ತಂದೆಯ ಮಗಳು ಎಂದರು. ಅದು ಸುಳ್ಳು. ಬಾಯಿಬಿಟ್ಟು ಹೇಳುವ ಧೈರ್ಯ ಇದುವರೆಗೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೂರನೆಯ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅಪ್ಪ ಬಿದ್ದು ಸೊಂಟ ಮುರಿದುಕೊಂಡ, ಎತ್ತಿನ ಹಗ್ಗ ನನ್ನ ಕೈಗೆ ಬಂತು. ಕನಕಪುರದ ದಾರಿಯ ಗುಡ್ಡಗಳಿಂದ ಹಾಲೆ ಮರ ತಂದು ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಸಾಹೇಬರ ಮನೆಗಳಿಗೆ ಹಾಕುತ್ತಿದ್ದೆ. ಮಳೆಯಿರಲಿ ಬಿಸಿಲಿರಲಿ, ಹೇಳಿದ ದಿನ ನನ್ನ ಗಾಡಿ ಬಾಗಿಲಲ್ಲಿ ನಿಂತಿರಬೇಕು. ನನ್ನ ಎತ್ತಿಗೆ ಹಿತ್ತಾಳೆಯ ಗಗ್ಗರ ಕಟ್ಟಿದ್ದೆ, ಗಾಡಿ ಬರುವುದು ಎರಡು ಬೀದಿ ಮುಂಚೆಯೇ ಗೊತ್ತಾಗಲಿ ಎಂದು. ಅಷ್ಟು ಜಂಬ ನನಗೆ.

ಹೆಂಡತಿ ಮಾಗಡಿ ಕಡೆಯವಳು. ಅಕ್ಷರ ಬಾರದು. ಆದರೆ ಕೋಳಿ ಕೂಗುವ ಹೊತ್ತಿಗೆ ರಾಗಿಕಲ್ಲಿನ ಮುಂದೆ ಕೂತಳೆಂದರೆ ಪದ ತಾನಾಗಿ ಬರುತ್ತಿತ್ತು. ಎದುರಿಗೆ ಪಕ್ಕದ ಮನೆಯ ದೊಡ್ಡವ್ವ ಕೂರುತ್ತಿದ್ದಳು. ಗಂಡ ಇಲ್ಲ, ಮಕ್ಕಳಿಲ್ಲ. ಇಬ್ಬರೂ ಒಂದೇ ಗೂಟ ಹಿಡಿದು ಬೀಸುವರು. ನನ್ನವಳು ಹೊಸ ಪದ ಕಟ್ಟುವಳು, ದೊಡ್ಡವ್ವ ಸೊಲ್ಲು ಸೇರಿಸುವಳು. ನೀರಿಗೆ ಹೋಗುವವರು ನಮ್ಮ ಜಗಲಿಯ ಪಕ್ಕ ಬಿಂದಿಗೆ ಇಳಿಸಿ ಕೇಳುತ್ತಿದ್ದರು. ಒಂದು ದಿನ ದಾರಿಯಲ್ಲಿ ಸಿಕ್ಕಿದವನೊಬ್ಬ, "ಆ ಪದ ಹೇಳೋ ಯಮ್ಮನ ಗಂಡ ಅಲ್ವಾ ನೀನು?" ಎಂದ. ಎರಡು ಬೀದಿಗೆ ಕೇಳುವ ಗಗ್ಗರ ಕಟ್ಟಿದವನಿಗೆ ಆ ಹೆಸರು!

ಅದನ್ನಾದರೂ ನುಂಗಿಕೊಂಡೇನು. ನುಂಗಲು ಆಗದ್ದು ಇನ್ನೊಂದಿತ್ತು. ಅವಳ ಪದದ ತುಂಬ ಅವಳ ಅಣ್ಣ. ಅಣ್ಣ ಬಂದ, ಅಣ್ಣ ಕುಪ್ಪಸ ತಂದ, ಅಣ್ಣನ ನೆರಳು ಬಾಗಿಲಿಗೆ ತೋರಣ. ನಾನು ಹೊರಗೆ ಎತ್ತು ಹೂಡುತ್ತಾ, ಈಗ ನನ್ನ ಸರದಿ ಬರುತ್ತದೆ, ಈಗ ಬರುತ್ತದೆ ಎಂದು ಕಿವಿ ನಿಮಿರಿಸಿ ನಿಲ್ಲುತ್ತಿದ್ದೆ. ಬರುತ್ತಿರಲಿಲ್ಲ. ಹೊರಡುವ ಹೊತ್ತಾಗುತ್ತಿತ್ತು. ಹೆಂಡತಿಯ ಒಡಹುಟ್ಟಿದವನ ಮೇಲೆ ಹೊಟ್ಟೆಕಿಚ್ಚು ಪಟ್ಟವನು ನಾನು.

ನನ್ನ ಮೇಲೂ ಒಂದು ಪದ ಕಟ್ಟು ಎಂದು ಕೇಳಲು ಮನಸ್ಸು ಒಗ್ಗಲಿಲ್ಲ. ಅಕ್ಷರ ಬರುತ್ತದಲ್ಲ ಎಂದು ನಾನೇ ಒಂದು ಪದ ಬರೆದೆ. ಸತ್ಯವಂತ, ಶೂರ, ಧೀರ, ಕುಲದೀಪಕ ಎಂದೆಲ್ಲ ಹಾಕಿ ಓದಿ ಹೇಳಿ, "ನಾಳೆ ಇದನ್ನೇ ಹೇಳು" ಎಂದೆ. ಪಾಪ, ಹೇಳಲು ನೋಡಿದಳು. ಎರಡು ಸುತ್ತಿಗೆ ನಿಲ್ಲಿಸಿದಳು.

"ಇದು ಕಲ್ಲಿಗೆ ಕೂರಾಕಿಲ್ಲ. ಕೈ ನಿಂತ್ಕತದೆ ನೋಡಿ."

ದೊಡ್ಡವ್ವ ಸೆರಗನ್ನು ಬಾಯಿಗಿಟ್ಟುಕೊಂಡಳು. "ಲೋ, ಇದು ಪದ ಅಲ್ಲ ಕಣ್ಲಾ, ಅಮಲ್ದಾರ್ರಿಗೆ ಬರ್ದಿರೋ ಅರ್ಜಿ!"

ಆ ಸಲ ಗೌರಿ ಹಬ್ಬಕ್ಕೆ ಅವಳ ಅಣ್ಣ ಕರೆಯಲು ಬಂದ. ಅವಳು ಆಗಲೇ ಸೀರೆ ಗಂಟು ಕಟ್ಟಿಟ್ಟಿದ್ದಳು. ನಾನು, "ಎತ್ತಿಗೆ ಹುಲ್ಲು ಹಾಕೋರ್ಯಾರು?" ಎಂದೆ.

"ಮೂರೇ ದಿವ್ಸ ಭಾವ. ನಾನೇ ಕರ್ಕಂಬಂದು ಬುಟ್ಟೋಯ್ತೀನಿ."

"ಆಗಲ್ಲ ಅಂದ್ನಲ್ಲ."

ಹುಲ್ಲು ಹಾಕಲು ಊರ ತುಂಬ ಜನರಿದ್ದರು. ಅವನು ಬಾಗಿನವನ್ನು ಜಗಲಿಯ ಮೇಲಿಟ್ಟು, ಒಂದು ಚೊಂಬು ನೀರು ಕುಡಿದು, ತಂಗಿಯ ಮುಖ ನೋಡದೆ ಮಾಗಡಿ ದಾರಿ ಹಿಡಿದ. ಅವಳು ಗಂಟು ಬಿಚ್ಚಿ ಸೀರೆಯನ್ನು ಮತ್ತೆ ಗಳುವಿನ ಮೇಲೆ ಹಾಕಿದಳು.

ಮಾರನೆಯ ಬೆಳಗ್ಗೆ, ಅಷ್ಟು ದಿನ ಕಾದಿದ್ದ ನನ್ನ ಪದ ಬಂತು.

*ಎತ್ತೀನ ಕೊರಳೀಗೆ ಹಿತ್ತಾಳೆ ಗಗ್ಗರ*
*ಹತ್ತೂರ ಜನಕೆ ಗೊತ್ತವ್ನೆ – ನನ ದೊರೆ*
*ಎತ್ತಿಗೂ ಮೇಲೆ ತಲೆಯೆತ್ತಿ*

ಮೊದಲ ಎರಡು ಸಾಲಿಗೆ ನನ್ನ ಎದೆ ಉಬ್ಬಿತು, ಸುಳ್ಳು ಹೇಳುವುದಿಲ್ಲ. ಮೂರನೆಯದಕ್ಕೆ ಒಳಗೆ ದೊಡ್ಡವ್ವ ಕಿಸಕ್ಕನೆ ನಕ್ಕಳು. ನನ್ನವಳೂ ನಕ್ಕಳು. ಜಗಲಿಯ ಪಕ್ಕ ನಿಂತಿದ್ದ ನೀರಿನ ಹೆಂಗಸರು ನನ್ನನ್ನು ಕಂಡು ಸೆರಗು ಎಳೆದುಕೊಂಡರು. ನಾನು ಎತ್ತಿಗೆ ಬಾರುಕೋಲಿನಲ್ಲಿ ಬಿಗಿದು ಹೊರಟುಬಿಟ್ಟೆ.

ಒಂದು ವಾರಕ್ಕೆ ಪದ ಚನ್ನಪಟ್ಟಣ ಸೇರಿತು. ಗಾಡಿ ನಿಲ್ಲಿಸುವ ಹುಣಸೆ ಮರದ ಕೆಳಗೆ ಜೊತೆಯ ಗಾಡಿಯವರು ಶುರುಮಾಡಿದರು. "ಏನ್ಲಾ ತಲೆಯೆತ್ತಿ, ಒಸಿ ತಗ್ಸ್ಲಾ, ಕೊಂಬೆ ತಗುಲ್ತದೆ!" ನಾನು ಮರ ಹಾಕುತ್ತಿದ್ದ ಮನೆಯ ಹಿರಿಯ ಸಾಹೇಬರು ನಗಲಿಲ್ಲ. ಬೊಂಬೆ ಕಡೆಯುವ ಉರುಳೆ ತಿರುಗಿಸುವುದನ್ನು ನಿಲ್ಲಿಸಿ, "ಆ ಪದ ನಿನ್ ಮನೇವ್ರು ಕಟ್ಟಿದ್ದಾ? ಬಹುತ್ ಅಚ್ಛಾ ಐತೆ. ತಲೆ ಒಳ್ಳೇದು ಅವ್ರದ್ದು" ಎಂದರು. ಗೇಲಿಗಿಂತ ಆ ಮೆಚ್ಚುಗೆ ನನ್ನನ್ನು ಸುಟ್ಟಿತು.

ಹೊಡೆಯಲಿಲ್ಲ, ಬಯ್ಯಲಿಲ್ಲ. ಪದ ಹೇಳಬೇಡ ಎಂದರೆ ಊರಿಗೇ ತಿಳಿಯುತ್ತದೆ, ಅವಳ ಪದಕ್ಕೆ ಸೋತೆ ಎಂದಾಗುತ್ತದೆ. ಮಿಷಿನ್ನು ನೆನಪಾಯಿತು. ಬೀಸುವುದೇ ಇಲ್ಲವಾದರೆ ಪದ ಎಲ್ಲಿಂದ ಬಂದೀತು?

ಹಿಟ್ಟಿನ ಮೂಟೆಯನ್ನು ನಡುಮನೆಯಲ್ಲಿ ಇಳಿಸಿ, "ಇನ್ಮೇಲೆ ನೀನು ಬೀಸೋದು ಬೇಡ" ಎಂದೆ. ಅವಳು ಮೂಟೆಯ ಬಾಯಿ ಬಿಚ್ಚಿ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಇನ್ನೂ ಬೆಚ್ಚಗಿತ್ತು. ನನ್ನ ಕಡೆ ತಿರುಗಿದಾಗ ಅವಳ ಮುಖ ಅರಳಿತ್ತು.

"ನಂಗೋಸ್ಕರವಾ?" ಎಂದಳು.

ಹೂಂ ಎಂದು ಸುಮ್ಮನಿದ್ದಿದ್ದರೂ ಆಗುತ್ತಿತ್ತು. ನಾನು ಕಲ್ಲಿನ ಹತ್ತಿರ ಹೋಗಿ, ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಿ, ಗೂಟ ಕಿತ್ತೆ. ಎರಡು ತಲೆಮಾರಿನ ಹೆಂಗಸರ ಅಂಗೈ ತಾಕಿ ನುಣುಪಾಗಿದ್ದ ಗೂಟ. ಅವಳ ಕಣ್ಣೆದುರೇ ಕೊಟ್ಟಿಗೆಯ ಗೋಡೆಗೆ ಬಡಿದು ಎತ್ತಿನ ಹಗ್ಗ ನೇತುಹಾಕಿದೆ. ಆಗ ಅವಳಿಗೆ ಅರ್ಥವಾಯಿತು.

"ಆಯ್ತು ಬುಡಿ" ಎಂದಳು. ಅಷ್ಟೇ.

ಎರಡು ವರ್ಷ ನಮ್ಮ ಮನೆಯ ಬೆಳಗು ಸದ್ದಿಲ್ಲದೆ ಆಯಿತು. ದೊಡ್ಡವ್ವ ತನ್ನ ಮನೆಯ ಸಣ್ಣ ಕಲ್ಲಿನಲ್ಲಿ ಒಬ್ಬಳೇ ಬೀಸಿಕೊಳ್ಳುತ್ತಿದ್ದಳು. ನನ್ನವಳು ಮುದ್ದೆ ಮಾಡುವಳು, ಸಾರು ಬಡಿಸುವಳು, ಕೇಳಿದ್ದಕ್ಕೆ ಉತ್ತರ ಕೊಡುವಳು. ಒಂದು ದಿನಕ್ಕೂ ಮುನಿಸು ತೋರಲಿಲ್ಲ. ಗೆದ್ದೆ ಎಂದುಕೊಂಡೆ. ಆದರೂ ಏಕೋ ಎತ್ತಿನ ಗಗ್ಗರ ಕಿವಿಗೆ ಕರಕರೆಯಾಗತೊಡಗಿತು, ಬಿಚ್ಚಿಟ್ಟೆ.

ಒಂದು ಬೆಳಗ್ಗೆ ಹೊರಟು ಹಳ್ಳ ದಾಟುವಷ್ಟರಲ್ಲಿ ಎಡಗಡೆಯ ಎತ್ತಿನ ಲಾಳ ಕಿತ್ತುಹೋಯಿತು. ಕುಂಟುವ ಎತ್ತನ್ನು ನಡೆಸಿಕೊಂಡು ವಾಪಸ್ಸು ಬಂದೆ. ಬೆಳಕು ಹರಿದಿತ್ತು. ಆ ಹೊತ್ತಿಗೆ ಎಂದೂ ಊರಲ್ಲಿದ್ದವನಲ್ಲ ನಾನು. ದೊಡ್ಡವ್ವನ ಕಲ್ಲು ನಿಧಾನವಾಗುತ್ತಿತ್ತು. ಒಡೆದ ದನಿಯಲ್ಲಿ ಹೇಳುತ್ತಿದ್ದಳು:

*ಕಲ್ಲು ನಿಲ್ಲುವ ಹೊತ್ತು ಎಲ್ಲವ್ನೊ ನನ ದೊರೆ*
*ಹಳ್ಳದಲಿ ಗಾಲಿ ಹೂಳದಿರಲಿ – ಸಂಜೀಗೆ*
*ನಿಲ್ಲದೆ ಬರಲಿ ತಲೆಯೆತ್ತಿ*

ಬಾಗಿಲಲ್ಲಿ ನಿಂತೆ. "ದೊಡ್ಡವ್ವ, ಇದ್ಯಾರ ಪದ?"

"ಯಾರ್ದ್ಲಾ, ನಿನ್ನೆಂಡ್ತೀದು. ಕಲ್ಲು ಬುಡೋವಾಗ ಮನೆ ಗಂಡಸ್ರಿಗೆ ಒಳ್ಳೇದು ಹೇಳ್ದೆ ಏಳಬಾರ್ದು. ನಂಗ್ಯಾರವ್ರೆ? ಅದಕ್ಕೇ ಇದನ್ನೇ ಹೇಳ್ತೀನಿ. ನಿಂಗೇ ಹತ್ಲಿ ಬುಡು."

"ಯಾವಾಗ ಕಟ್ಟಿದ್ಲು?"

"ಅಯ್ಯೋ, ಲಗ್ನ ಆಗಿ ಬಂದ ವರ್ಷವೇ. ದಿನಾ ಹೇಳೋಳು, ನೀನು ಅಷ್ಟೊತ್ಗೆ ಹೊಂಟೋಗಿರೋನು. ಗೌರಿ ಹಬ್ಬಕ್ಕೆ ಅವಳಣ್ಣ ಕರೆಯಾಕೆ ಬಂದೋದ ಮಾರ್ನೆ ದಿನಾನೂ ಹೇಳಿದ್ಲು ಕಣ್ಲಾ. ಆ ಎತ್ತಿನ ಪದ ಹೇಳಿ ನಗಾಡಿದ್ಲಲ್ಲ, ಕಡೇಲಿ ಇದನ್ನ ಹೇಳೋವಾಗ ಕಣ್ಣೀರು ಹಾಕಂಡ್ಲು." ಆಮೇಲೆ ಹಿಟ್ಟು ಗುಡಿಸುತ್ತಾ, "ಅದಕ್ಕೇ ತಾನೆ ನೀನೂ ಅವಳ ಕೈ ಸವೀಬಾರ್ದು ಅಂತ ಮಿಷಿನ್ ಮಾಡ್ಸಿದ್ದು. ಪುಣ್ಯವಂತ್ರು ಬುಡಪ್ಪ" ಎಂದಳು.

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಮನೆಗೆ ಬಂದು ಕೊಟ್ಟಿಗೆಯ ಗೋಡೆಯಿಂದ ಗೂಟ ಕಿತ್ತು, ತೊಳೆದು, ಕಲ್ಲಿಗೆ ಬಡಿದು ಕೂರಿಸಿದೆ. ಅವಳು ಒಲೆಯ ಮುಂದಿನಿಂದ ನೋಡುತ್ತಿದ್ದಳು. ಕಲ್ಲಿನ ಮುಂದೆ ನಾನೇ ಕೂತೆ. ಒಂದು ಹಿಡಿ ರಾಗಿ ಹಾಕಿ ತಿರುಗಿಸಿದೆ. ಗಂಡಸರು ಕೂರುವ ಜಾಗವಲ್ಲ ಅದು. ಹಾಲೆ ಮರ ಎತ್ತುವ ರಟ್ಟೆ ಹತ್ತು ಸುತ್ತಿಗೆ ಸೋತಿತು.

"ಹಂಗೆ ಅದುಮಬೇಡಿ, ಹಿಟ್ಟು ತರಿಯಾಯ್ತದೆ" ಎಂದಳು.

"ನಿನ್ನ ಕಡೇ ಪದ ಕೇಳೇ ಇರ್ನಿಲ್ಲ ನಾನು."

"ಕೇಳೋಗಂಟ ನಿಂತಿದ್ರೆ ತಾನೆ" ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ.

"ಈಗ ಹೇಳು."

ಕೇಳಿಕೊಂಡೆ ಎಂದುಕೊಂಡಿದ್ದೆ. ಬಾಯಿಂದ ಬಂದದ್ದು ಅಪ್ಪಣೆಯೇ. ಅವಳು ಒಲೆಗೆ ಸೌದೆ ನೂಕಿದಳು. ಅಷ್ಟರಲ್ಲಿ ಹೊರಗೆ ಬಿಂದಿಗೆಗಳ ಸದ್ದಾಯಿತು. ಕಲ್ಲಿನ ಸದ್ದು ಕೇಳಿ ನೀರಿನ ಹೆಂಗಸರು ಜಗಲಿಯ ಪಕ್ಕ ನಿಂತಿದ್ದರು. "ಯಾಕಕ್ಕಾ, ಮಿಷಿನ್ ಕೆಟ್ಟೋಯ್ತಾ?" ಎಂದು ಒಬ್ಬಳು ಕೂಗಿದಳು.

ನನ್ನವಳು ಎದ್ದು ಹೋಗಿ, ನಾನು ಕಲ್ಲಿನ ಮುಂದೆ ಕೂತಿರುವುದು ಅವರಿಗೆ ಕಾಣದಂತೆ ಬಾಗಿಲು ಮುಚ್ಚಿದಳು. "ಇಲ್ಲ ಕಣವ್ವ, ನಾನೇ ಸುಮ್ಕೆ ತಿರುಗುಸ್ತಿದ್ದೆ" ಎಂದು ಒಳಗಿನಿಂದಲೇ ಹೇಳಿದಳು. ನಾನು ಎದ್ದು ಆ ಬಾಗಿಲು ತೆಗೆಯಬೇಕಿತ್ತು. ಅವರ ಹೆಜ್ಜೆಯ ಸದ್ದು ದೂರವಾಗುವವರೆಗೆ ಗೂಟ ಹಿಡಿದುಕೊಂಡು, ಕಲ್ಲು ತಿರುಗಿಸದೆ, ಉಸಿರು ಬಿಗಿಹಿಡಿದು ಕೂತಿದ್ದೆ.