ಪಾಯಸ ಎಷ್ಟು ತಿಂದೆ ಸೋಮಕ್ಕ?

ಕಕ್ಕಬೆಯ ಕಡೆ ಯಮುನಾ ಎಂದರೆ ‘ಯಾವ ಯಮುನಾ’ ಎಂದು ಯಾರೂ ಕೇಳುವುದಿಲ್ಲ. ಹದಿನಾಲ್ಕು ವರ್ಷದಿಂದ ಗುಲಾಬಿ ಸೀರೆ ಉಟ್ಟು, ಹೆಗಲಿಗೆ ಚೀಲ ಹಾಕಿ, ಜಿಗಣೆ ಕಚ್ಚಿಸಿಕೊಂಡು ಕಾಫಿ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಗಳನ್ನು ಸುತ್ತುವ ಆಶಾ ಕಾರ್ಯಕರ್ತೆ ಅವಳು. ಯಾರು ಬಸುರಿ, ಯಾರಿಗೆ ಬಿಪಿ ಏರಿದೆ, ಯಾರ ಗಂಡ ಕುಡಿತ ಬಿಟ್ಟೆನೆಂದು ಸುಳ್ಳು ಹೇಳುತ್ತಾನೆ, ಎಲ್ಲವೂ ನಾಲಿಗೆಯ ತುದಿಯಲ್ಲಿ. ನಾಲಿಗೆಯೂ ಅಷ್ಟೇ ಜೋರು. ಅವಳು ಬಂದಳೆಂದರೆ ಲೈನಿನಲ್ಲಿ ನಗು ಏಳಬೇಕು. ನಗಿಸಿದರೆ ಅರ್ಧ ಕಾಯಿಲೆ ವಾಸಿ ಎಂದು ಅವಳು ನಿಜವಾಗಿಯೂ ನಂಬಿದ್ದಳು. ಈಗ ಆ ಮಾತು ನೆನೆದರೆ ಅವಳಿಗೆ ಮೈ ಬೆಂಕಿಯಾಗುತ್ತದೆ.

ಹೋದ ವರ್ಷ ಆಗಸ್ಟ್ ಮೊದಲ ವಾರ, ಆಟಿ ತಿಂಗಳ ಹದಿನೆಂಟು ಕಳೆದು ಎರಡನೇ ದಿನ. ಆಟಿ ಹದಿನೆಂಟಕ್ಕೆ ಕೊಡಗಿನಲ್ಲಿ ಮದ್ದುಸೊಪ್ಪಿನ ಪಾಯಸ ಮಾಡದ ಮನೆ ಕಡಿಮೆ. ಸೊಪ್ಪು ಬೇಯಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲೇ ಅಕ್ಕಿ ಬೇಯಿಸಿ ಬೆಲ್ಲ, ತೆಂಗಿನ ಹಾಲು ಹಾಕುತ್ತಾರೆ. ತಿಂದ ಮರುದಿನ ಮೂತ್ರ ಕೆಂಪಗೆ ಹೋಗಬೇಕು. ಹೋದರೆ ಮದ್ದು ಮೈಗೆ ಹಿಡಿಯಿತೆಂದು ಸಂತೋಷ. ‘ನಿಂಗೆ ಬಣ್ಣ ಬಂತಾ?’ ಎಂದು ಹೆಂಗಸರು ಒಬ್ಬರನ್ನೊಬ್ಬರು ಕೇಳಿಕೊಂಡು ಕಿಸಕ್ಕನೆ ನಗುವುದು ವರ್ಷಾವರ್ಷದ ತಮಾಷೆ.

ಆ ದಿನವೂ ನಲ್ಲಿಯ ಹತ್ತಿರ ಅದೇ ನಡೆದಿತ್ತು. ಸೋಮಿ ಕೊಡ ಕೆಳಗಿಟ್ಟು ಯಮುನಾಳ ಬಳಿ ಬಂದಳು. ಐವತ್ತೆರಡು ದಾಟಿದವಳು, ಮೆಲುಮಾತಿನವಳು. ಕಾಫಿ ಪಿಕಿಂಗ್‌ಗೆ ಇಳಿದರೆ ಮಾತ್ರ ಹರೆಯದವರನ್ನೂ ಹಿಂದೆ ಹಾಕುವವಳು. ಗಂಡ ಸತ್ತು ಎಂಟು ವರ್ಷ. ಇದ್ದೊಬ್ಬ ಮಗಳನ್ನು ಕೊಡ್ಲಿಪೇಟೆಗೆ ಕೊಟ್ಟಾಗಿತ್ತು.

“ಯಮುನಾ, ನಂಗೆ ಕಪ್ಪು ಹೋಗ್ತಾ ಉಂಟು.”

“ಅಯ್ಯೋ ಮಾರಾಯ್ತಿ! ಎಲ್ರಿಗೂ ಕೆಂಪು, ನಿಂಗೆ ಮಾತ್ರ ಕಪ್ಪಾ? ಪಾಯಸ ಎಷ್ಟು ತಿಂದೆ ಸೋಮಕ್ಕ? ಪಾತ್ರೆಯನ್ನೂ ಬಿಡ್ಲಿಲ್ವಾ ಎಂತ?”

ಹೆಂಗಸರು ಬಿದ್ದು ಬಿದ್ದು ನಕ್ಕರು. ಸೋಮಿಯೂ ಸೆರಗು ಬಾಯಿಗಿಟ್ಟು ನಕ್ಕಳು. ಮತ್ತೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಯಮುನಾ ಅದೇ ಲೈನಿನ ರಾಮಮ್ಮನ ಬಸುರಿ ಸೊಸೆಯ ‘ತಾಯಿ ಕಾರ್ಡು’ ಬಿಡಿಸಿ ಕೂತಾಗಿತ್ತು.

ಸೋಮಿ ಹೇಳಿದ್ದು ಮೂತ್ರದ ವಿಷಯವಲ್ಲ, ಮಲದ ವಿಷಯ. ಮಲ ಟಾರಿನ ಹಾಗೆ ಕಪ್ಪಗೆ ಹೋದರೆ ಒಳಗೆಲ್ಲೋ ರಕ್ತ ಸೋರುತ್ತಿರಬಹುದೆಂದು ಯಮುನಾಗೆ ಚೆನ್ನಾಗಿಯೇ ಗೊತ್ತಿತ್ತು. ‘ಮುಂದೆಯಾ, ಹಿಂದೆಯಾ’ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಸೋಮಿ ಆಮೇಲೆ ಆ ಮಾತೆತ್ತಲಿಲ್ಲ.

ನವೆಂಬರ್ ಕೊನೆಯಲ್ಲಿ ಕಾಫಿ ಕೊಯ್ಯುತ್ತಿದ್ದ ಸೋಮಿ ಗಿಡದ ಬುಡದಲ್ಲೇ ಕುಸಿದಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಧರ್ಮೇಶ್ ಜೀಪು ತಂದ; ಯಮುನಾ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಡಿಕೇರಿಗೆ ಹೋದಳು. ಮುಖ ಬಿಳಿಚಿಕೊಂಡಿತ್ತು. ಹಿಮೋಗ್ಲೋಬಿನ್ ಐದಕ್ಕೆ ಇಳಿದಿತ್ತು.

“ಮಲ ಎಷ್ಟು ದಿನದಿಂದ ಕಪ್ಪಗೆ ಹೋಗ್ತಿದೆ?” ಡಾಕ್ಟರು ಕೇಳಿದರು.

ಸೋಮಿ ಯಮುನಾಳ ಮುಖ ನೋಡಿದಳು. ಆಗ ಯಮುನಾಗೆ ನಲ್ಲಿ, ಕೊಡ, ನಗು ಎಲ್ಲ ಒಟ್ಟಿಗೆ ನೆನಪಾದವು.

“ಹದಿನೈದು ದಿನ ಇರ್ಬೇಕು ಸಾರ್,” ಎಂದುಬಿಟ್ಟಳು. “ಇವ್ರಿಗೆ ನಾಚಿಕೆ. ಯಾರಿಗೂ ಹೇಳೇ ಇಲ್ಲ.”

ಸೋಮಿ ತಲೆ ತಗ್ಗಿಸಿದಳು. ಡಾಕ್ಟರು ಹಾಗೆಯೇ ಬರೆದುಕೊಂಡರು.

ರಕ್ತ ಕೊಟ್ಟು, ಬಾಯಿಯಿಂದ ಕ್ಯಾಮೆರಾ ಇಳಿಸಿ ನೋಡಿದರೆ ಜಠರದಲ್ಲಿ ಒಂದು ಉಬ್ಬು, ಅದರ ನೆತ್ತಿಯಲ್ಲಿ ಹುಣ್ಣು. ಮೇಲಿನ ಪದರದ ಚೂರು ತೆಗೆದು ಪರೀಕ್ಷಿಸಿದಾಗ ಏನೂ ಸಿಗಲಿಲ್ಲ, ಏಕೆಂದರೆ ಗಡ್ಡೆ ಇದ್ದದ್ದು ಗೋಡೆಯ ಆಳದ ಸ್ನಾಯುಪದರದಲ್ಲಿ. ಮೈಸೂರಿನಲ್ಲಿ ಸ್ಕ್ಯಾನ್ ಆಯಿತು, ಒಳಗಿನಿಂದಲೇ ಸೂಜಿ ಚುಚ್ಚಿ ಗಡ್ಡೆಯ ಚೂರು ತೆಗೆದದ್ದಾಯಿತು, ಆ ಚೂರಿಗೆ ವಿಶೇಷ ಬಣ್ಣ ಹಾಕಿ ನೋಡಿದ್ದೂ ಆಯಿತು. ಕಡೆಗೆ ಹೆಸರು ಸಿಕ್ಕಿತು: ಜಿಸ್ಟ್, ಅಪರೂಪದ ಒಂದು ಕ್ಯಾನ್ಸರ್ ಗಡ್ಡೆ.

“ಎಲ್ಲರಿಗೂ ಗೊತ್ತಿರುವ ಹೊಟ್ಟೆ ಕ್ಯಾನ್ಸರ್ ಅಲ್ಲ ಇದು,” ಅಲ್ಲಿಯ ಡಾಕ್ಟರು ಬಿಡಿಸಿ ಹೇಳಿದರು. “ಇದಕ್ಕೆ ಒಳ್ಳೆ ಮಾತ್ರೆ ಇದೆ, ಇಮಾಟಿನಿಬ್ ಅಂತ. ಗಡ್ಡೆ ದೊಡ್ಡದಿದೆ. ಮೊದಲು ಮಾತ್ರೆಯಿಂದ ಕುಗ್ಗಿಸೋಣ, ಆಮೇಲೆ ಆಪರೇಷನ್. ಅದಾದ ಮೇಲೂ ಮಾತ್ರೆ. ಒಟ್ಟು ಮೂರು ವರ್ಷ, ಒಂದು ದಿನವೂ ತಪ್ಪಿಸಬಾರದು.”

“ಸಾರ್, ನಾಲ್ಕು ತಿಂಗಳು ಮೊದಲೇ ಬಂದಿದ್ರೆ?” ಯಮುನಾ ಕೇಳಿದಳು.

“ಇಷ್ಟು ರಕ್ತ ಹೋಗ್ತಿರಲಿಲ್ಲ. ಗಡ್ಡೆ ಎಷ್ಟಿರ್ತಿತ್ತೋ ಹೇಳೋಕಾಗಲ್ಲ. ಯಾಕೆ ಕೇಳ್ತೀರಿ?”

“ಸುಮ್ನೆ ಸಾರ್.”

ಅಂದಿನಿಂದ ಯಮುನಾ ಸೋಮಿಯ ನೆರಳಾದಳು. ಮಧ್ಯಾಹ್ನವಾದರೆ ಲೈನಿಗೆ ಓಡುವಳು; ಊಟ ಹೊಟ್ಟೆಗೆ ಬಿದ್ದ ಮೇಲೆಯೇ ಮಾತ್ರೆ, ಅದರ ಮೇಲೊಂದು ದೊಡ್ಡ ಲೋಟ ನೀರು. ಮಾತ್ರೆಗೆ ಸೋಮಿಯ ಕಣ್ಣ ಸುತ್ತ ಊದಿಕೊಂಡಿತು, ಕಾಲು ಹಿಡಿದುಕೊಂಡಿತು. ಯಮುನಾ ಮೀನಖಂಡ ತಿಕ್ಕಿದಳು, ಮೈಸೂರಿಗೆ ಫೋನು ಮಾಡಿ ಕೇಳಿದಳು. ಜೂನ್‌ನಲ್ಲಿ ಗಡ್ಡೆ ಅರ್ಧಕ್ಕರ್ಧ ಕುಗ್ಗಿದೆಯೆಂದು ತಿಳಿದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಆಪರೇಷನ್ ಮಾಡಿ ಜಠರದ ಒಂದು ಪಾಲಿನ ಜೊತೆ ಗಡ್ಡೆಯನ್ನು ಇಡಿಯಾಗಿ ತೆಗೆದರು.

“ಒಡಹುಟ್ಟಿದವ್ರೂ ಹೀಗೆ ನೋಡಲ್ಲ ಯಮುನಕ್ಕ,” ಎಂದ ಧರ್ಮೇಶ್. ಊರೂ ಅದನ್ನೇ ಹೇಳಿತು. ಹೊಗಳಿದಷ್ಟೂ ಅವಳಿಗೆ ಅನ್ನ ಸೇರಲಿಲ್ಲ. ತಾನು ಮಾಡುತ್ತಿರುವುದು ಸೇವೆಯಲ್ಲ, ಕಳ್ಳತನ ಮುಚ್ಚುವ ಕೆಲಸ ಎಂದು ಅವಳಿಗೊಬ್ಬಳಿಗೆ ಗೊತ್ತಿತ್ತು. ಸೋಮಿಗೂ ಗೊತ್ತಿರಬಹುದೆಂಬ ಭಯ ಬೇರೆ.

ಮತ್ತೆ ಆಟಿ ಹದಿನೆಂಟು ಬಂತು. ಲೈನಿನ ಒಂದೊಂದು ಒಲೆಯ ಮೇಲೂ ಪಾಯಸ ಕುದಿಯುತ್ತಿತ್ತು. ಸೋಮಿ ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದಳು.

“ಸೋಮಕ್ಕ, ನಿಂಗೆ ಈ ವರ್ಷ ಪಾಯಸ ಬೇಡ. ಈ ಮಾತ್ರೆ ಜೊತೆ ಕೇಳ್ದೆ ಸೊಪ್ಪುಗಿಪ್ಪು ತಿನ್ಬಾರ್ದು ಅಂದಿದ್ದಾರೆ,” ಎಂದಳು ಯಮುನಾ. ಆಮೇಲೆ ಇನ್ನು ತಡೆಯಲಾಗಲಿಲ್ಲ. “ಹೋದ ವರ್ಷ ನಲ್ಲಿ ಹತ್ರ ನೀನು ಹೇಳಿದ್ದೆ. ನಾನು ನಗಾಡ್ದೆ. ಡಾಕ್ಟ್ರ ಹತ್ರ ತಪ್ಪನ್ನ ನಿನ್ನ ತಲೆಗೆ ಕಟ್ಟಿದೆ. ಮುಂದಿನ ವಾರ ಹೋದಾಗ ಎಲ್ಲ ಹೇಳಿಬಿಡ್ತೇನೆ. ನಿಂಗೆ ನೆನಪುಂಟಾ?”

“ಉಂಟು.”

“ಮತ್ತೆ ಅವತ್ತು ಯಾಕೆ ಸುಮ್ನಿದ್ದೆ?”

“ನೀನಲ್ವಾ ಕರ್ಕೊಂಡು ಹೋದದ್ದು. ನೀನೂ ಮುನಿಸ್ಕೊಂಡ್ರೆ ನಂಗೆ ಯಾರು ಉಂಟು?”

ಯಮುನಾಳ ತಲೆ ಬಾಗಿತು. ಸೋಮಿ ಕಂಬಳಿ ಸರಿಮಾಡಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

“ಪಾಯಸಕ್ಕೆ ಬೇಜಾರಿಲ್ಲ ಬಿಡು. ಹೋದ ವರ್ಷವೂ ನಾನು ತಿಂದಿರ್ಲಿಲ್ಲ. ಎರಡು ತುತ್ತು ತಿಂದ್ರೆ ಹೊಟ್ಟೆ ಗಟ್ಟಿಯಾಗ್ತಿತ್ತು, ಪಾಯಸ ಮುಟ್ಲೇ ಇಲ್ಲ. ನೀನು ಎಷ್ಟು ತಿಂದೆ ಅಂತ ಕೇಳಿದ್ಯಲ್ಲ, ಅದನ್ನೇ ಹೇಳ್ಲಿಕ್ಕೆ ಹೊರಟಿದ್ದೆ. ಅಷ್ಟರಲ್ಲಿ ಎಲ್ರೂ ನಗ್ತಾ ಇದ್ರು.”

ನಲ್ಲಿಯ ಕಡೆಯಿಂದ ರಾಮಮ್ಮ ಯಮುನಾಳನ್ನು ಬೇಗ ಬಾ ಎಂದು ಕೂಗಿದಳು. ಯಮುನಾ ಹೆಗಲ ಚೀಲ ಇಳಿಸಿ ಜಗಲಿಯ ಮೇಲೆ ಕೂತಳು.

“ಇವತ್ತು ಎಷ್ಟು ತಿಂದೆ ಸೋಮಕ್ಕ?” ಎಂದು ಕೇಳಿ, ಉತ್ತರಕ್ಕೆ ಕಾದಳು.