ಕೂಗದೆ ವಿಕಿ ಸಾಗಿಸಿದ ನಮ್ಮ ಪವಿ

ಕಂಪ್ಯೂಟರನ್ನು ಯಾವ ಕಡೆ ಒತ್ತಿ ಶುರು ಮಾಡುತ್ತಾರೆ ಅನ್ನೋದು ಇವತ್ತಿಗೂ ನನಗೆ ಗೊತ್ತಿಲ್ಲ. ಆದರೂ ಸಂಕ್ರಾಂತಿ ಕಳೆದ ಮೇಲೆ ಹಿರಿಯೂರಿನಲ್ಲಿ ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ, "ನಮ್ಮ ಮೊಮ್ಮಗಳು ವಿಕಿಯನ್ನ ಹೊಸ ವರ್ಷನ್ನಿಗೆ ಸಾಗಿಸಿದ್ಲು ಕಣ್ರೀ" ಅಂತ ಹೇಳಿಕೊಂಡು ತಿರುಗುತ್ತಿದ್ದೇನೆ. ತೆಂಗಿನಕಾಯಿ ಮಂಡಿಯ ಗೆಳೆಯ ಬಸಣ್ಣ ಪೂರ್ತಿ ಕೇಳಿಸಿಕೊಂಡು, ಬೀಡಿ ಆರಿಸಿ, "ಯಾವ ಲಾರಿ ಮಾಡಿದ್ರಿ?" ಅಂದ. ಅವನ ತಪ್ಪಿಲ್ಲ ಬಿಡಿ. ಹೈವೇ ಪಕ್ಕದ ಊರು ನಮ್ಮದು. ಏನನ್ನಾದರೂ ಸಾಗಿಸಿದೆವು ಅಂದರೆ ಮೊದಲು ಲಾರಿ ಬರಬೇಕು, ಆಮೇಲೆ ಹಗ್ಗ, ಆಮೇಲೆ ಟಾರ್ಪಾಲು.

"ಲಾರಿ ಇಲ್ಲ ಕಣಪ್ಪ, ಕುಂತಲ್ಲೇ ಕುಂತು ಸಾಗಿಸಿದ್ಲು" ಅಂದೆ.

"ಹಂಗಾರೆ ಸಾಮಾನು ಕಮ್ಮಿ ಇತ್ತೇನೋ" ಅಂದ.

ಸಾಮಾನು ಕಮ್ಮಿ ಇತ್ತಂತೆ! ಆ ಮಾತು ತಡೆಯಲಾರದೆ ಇದನ್ನು ಬರೆಯಲು ಕುಂತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರವಣಿಗೆ ಇದು. ಉಳಿದ ಓದನ್ನೆಲ್ಲ ಬಸ್ಸಿನ ಬೋರ್ಡುಗಳಲ್ಲೇ ಕಲಿತವನು ನಾನು. ವಾಕ್ಯ ಉದ್ದವಾಯಿತು ಅನ್ನಿಸಿದರೆ ಮಧ್ಯದಲ್ಲಿ ಎಲ್ಲಾದರೂ ಇಳಿದುಕೊಳ್ಳಿ, ಬೇಜಾರಿಲ್ಲ.

ಪವಿತ್ರ ನನ್ನ ಮಗಳ ಮಗಳು. ನಾವು ಪವಿ ಅನ್ನುತ್ತೇವೆ. ಅವಳ ಅಪ್ಪ ಅಮ್ಮ ಆದಿವಾಲದಲ್ಲಿದ್ದಾರೆ. ಇವಳು ಕೆಲಸಕ್ಕೆ ಹತ್ತಿರ ಅನ್ನುವ ನೆಪ ಹೇಳಿ, ಅಜ್ಜಿಯ ಕೈಯಡುಗೆ ಸಿಗುತ್ತದೆ ಅನ್ನುವ ಕಾರಣಕ್ಕೆ, ಹಿರಿಯೂರಿನ ನಮ್ಮ ಮನೆಯಲ್ಲೇ ಇದ್ದಾಳೆ. ಇಲ್ಲಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಅರ್ಧ ಟೈಪ್‌ರೈಟರ್ ತೆಗೆದು ಕಂಪ್ಯೂಟರ್ ಇಟ್ಟರಲ್ಲ, ಅಲ್ಲಿ ಪಾಠ ಹೇಳುತ್ತಾಳೆ. ಮನೆಯಲ್ಲೂ ಒಂದು ಕಂಪ್ಯೂಟರ್ ಇಟ್ಟುಕೊಂಡಿದ್ದಾಳೆ. ಇಂಟರ್ನೆಟ್ಟು ಫೋನಿನ ತಂತಿಯಲ್ಲೇ ಬರಬೇಕು. ಅವಳು ಅದಕ್ಕೆ ಕುಂತಳೆಂದರೆ ನಮ್ಮ ಫೋನು ಯಾರಿಗೂ ಸಿಗದು. ಹೊಸದುರ್ಗದ ಬೀಗರು ನಾವು ಬೇಕಂತಲೇ ರಿಸೀವರ್ ಎತ್ತಿಡುತ್ತೇವೆ ಅಂತ ಇಡೀ ಹೊಸದುರ್ಗಕ್ಕೆ ಸಾರಿಬಿಟ್ಟಿದ್ದಾರೆ.

ವಿಕಿ ಅಂದರೆ ಏನು ಅಂತ ಅವಳು ನನಗೆ ಹೇಳಿದ್ದನ್ನು ನಾನು ನಿಮಗೆ ಹೇಳುತ್ತೇನೆ. ಅದು ಕಂಪ್ಯೂಟರಿನೊಳಗಿನ ಪುಸ್ತಕ. ಓದುವವನೇ ಬರೆಯಬಹುದು. ಒಬ್ಬ ಬರೆದದ್ದನ್ನು ಇನ್ನೊಬ್ಬ ತಿದ್ದಬಹುದು. ಅಂಥ ಪುಸ್ತಕ ಕಟ್ಟಿಕೊಳ್ಳುವ ಸಾಫ್ಟ್‌ವೇರನ್ನು ಹತ್ತಾರು ದೇಶದ ಜನ ಸೇರಿ, ಸಂಬಳವಿಲ್ಲದೆ ಮಾಡಿ, ಬೇಕಾದವರಿಗೆ ಸುಮ್ಮನೆ ಕೊಡುತ್ತಾರೆ. ಒಳಗೆ ಹೇಗೆ ಮಾಡಿದ್ದಾರೆ ಅನ್ನುವುದನ್ನೂ ಮುಚ್ಚಿಡುವುದಿಲ್ಲ. ನನಗೆ ಕೂಡಲೇ ಮಠದ ದಾಸೋಹ ನೆನಪಾಯಿತು. ಅಲ್ಲಿ ಒಬ್ಬ ಕುಂಬಳಕಾಯಿ ಹೆಚ್ಚುತ್ತಾನೆ, ಇನ್ನೊಬ್ಬ ಬಡಿಸುತ್ತಾನೆ, ಉಣ್ಣುವವನ ಜಾತಕ ಯಾರೂ ಕೇಳುವುದಿಲ್ಲ. ಬೇಕಾದರೆ ಅಡುಗೆಮನೆಗೇ ಹೋಗಿ ಮುಚ್ಚಳ ತೆಗೆದು, ಏನೇನು ಹಾಕಿದ್ದಾರೆ ಅಂತ ನೋಡಿಕೊಂಡು ಬರಬಹುದು. ಪವಿ ಆ ಅಡುಗೆಮನೆಯವಳು. ಇನ್ನೂ ಮದುವೆಯಾಗದ, ವೇದಾವತಿ ಹೊಳೆ ದಾಟಿದರೆ ಬಸ್ಸಿನಲ್ಲಿ ವಾಂತಿ ಮಾಡುವ ಹುಡುಗಿ, ಹತ್ತಾರು ದೇಶದವರ ಜೊತೆ ನಿಂತು ಸೌಟು ಹಿಡಿದಿದ್ದಳು! ಇದು ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ.

ಸಾಫ್ಟ್‌ವೇರ್ ಮಾಡುವ ಆ ಸಂಘದವರು ಎಷ್ಟೋ ಕಾಲ ಕುಂತು ಹೊಸ ವರ್ಷನ್, ಅಂದರೆ ಹೊಸ ಆವೃತ್ತಿ, ಮಾಡಿದರು. ಹಳೆಯದಕ್ಕೆ ತೇಪೆ ಹಾಕಿ ಹಾಕಿ ಸಾಕಾಗಿ, ಈ ಸಲ ಬುಡದಿಂದಲೇ ಬೇರೆ ಕಟ್ಟಿದ್ದರು. ಬಸ್ಸಿನ ಬಾಡಿ ಮಾತ್ರ ಬದಲಾಯಿಸಿದ್ದಲ್ಲ, ಕೆಳಗಿನ ಛಾಸಿಯೇ ಹೊಸದು ಅನ್ನಿ. ಹಳೆಯದನ್ನು ಬಳಸುವವರೆಲ್ಲ ಬನ್ನಿ ಅಂತ ಕರೆದರು. ಯಾರೂ ಬರಲಿಲ್ಲ. ಯಾಕೆ ಅಂದರೆ, ಹಳೆಯ ವರ್ಷನ್ನಿಗೆ ಅವರಿವರು ಪ್ಲಗಿನ್ನು ಅಂತ ಹೆಚ್ಚಿನ ಸಾಮಾನು ಮಾಡಿಕೊಟ್ಟಿದ್ದರು. ಬಸ್ಸು ಬಂದ ಮೇಲೆ ನಾವು ಹಿಂದೆ ಏಣಿ, ಮೇಲೆ ಲಗೇಜ್ ಕ್ಯಾರಿಯರ್, ಡ್ರೈವರ್ ಪಕ್ಕ ಟೇಪ್ ರೆಕಾರ್ಡರ್ ಕೂರಿಸುವುದಿಲ್ಲವೇ, ಹಾಗೆ. ಹಳೆ ಬಸ್ಸಿನ ಏಣಿ ಹೊಸ ಬಸ್ಸಿಗೆ ಕೂರದು. ಬಳಸುವವರು "ಪ್ಲಗಿನ್ನು ಬರಲಿ, ಆಮೇಲೆ ಬರ್ತೀವಿ" ಅಂದರು. ಪ್ಲಗಿನ್ನು ಮಾಡುವವರು "ಜನ ಬರಲಿ, ಆಮೇಲೆ ಮಾಡ್ತೀವಿ" ಅಂದರು.

ಇದನ್ನು ಕೇಳಿದ್ದೇ ನಾನು ಮಂಚದಿಂದ ಎದ್ದು ಕುಂತೆ. "ಲೇ ಪವಿ, ಇದು ನಮ್ಮ ಬಸ್‌ಸ್ಟ್ಯಾಂಡಿನ ಕತೆ ಕಣೇ!" ಅಂದೆ.

ನಾನು ಖಾಸಗಿ ಬಸ್ಸುಗಳ ಏಜೆಂಟ್ ಆಗಿದ್ದವನು. ಏಜೆಂಟ್ ಅಂದರೆ ದೊಡ್ಡದೇನಲ್ಲ, ಬಸ್ಸಿನ ಪಕ್ಕ ನಿಂತು "ಧರ್ಮಪುರಾ ಧರ್ಮಪುರಾ, ಹೊಳಲ್ಕೆರೆ ಹೊಳಲ್ಕೆರೆ" ಅಂತ ಕೂಗಿ ಜನ ತುಂಬಿಸುವುದು. ದೇವರು ಬುದ್ಧಿ ಕೊಡುವಾಗ ಕೈ ಹಿಡಿದು, ಗಂಟಲು ಕೊಡುವಾಗ ಸುರಿದುಬಿಟ್ಟಿದ್ದ. ತೊಂಬತ್ತರ ದಶಕದಲ್ಲಿ ಬಸ್ಸಿನ ಮಾಲೀಕರೆಲ್ಲ ಸೇರಿ, ರಸ್ತೆ ಬದಿಯ ಹಳೆ ಜಾಗ ಇಕ್ಕಟ್ಟಾಯಿತೆಂದು ಸ್ವಲ್ಪ ಆಚೆ ಹೊಸ ಸ್ಟ್ಯಾಂಡ್ ಮಾಡಿದರು. ಸಿಮೆಂಟಿನ ನೆಲ, ತಗಡಿನ ಚಾವಣಿ, ಕುಡಿಯುವ ನೀರಿನ ನಲ್ಲಿ, ಎಲ್ಲ ಇತ್ತು. ಪ್ರಯಾಣಿಕರು ಮಾತ್ರ ಹಳೆ ಜಾಗದಲ್ಲೇ ಬಿಸಿಲಲ್ಲಿ ನಿಂತಿದ್ದರು, ಬಸ್ಸು ಅಲ್ಲೇ ನಿಲ್ಲುತ್ತದೆ ಅಂತ. ಡ್ರೈವರುಗಳು ಬಸ್ಸನ್ನು ಅಲ್ಲೇ ನಿಲ್ಲಿಸುತ್ತಿದ್ದರು, ಜನ ಅಲ್ಲೇ ನಿಂತಿದ್ದಾರೆ ಅಂತ. ನಾನು ಹೊಸ ಸ್ಟ್ಯಾಂಡಿನ ಖಾಲಿ ನೆರಳಿನಲ್ಲಿ ನಿಂತು "ಬರ್ರೀ, ಈ ಕಡೆ ಬರ್ರೀ, ಇಲ್ಲಿ ಕುಂತ್ಕಳ್ರೀ" ಅಂತ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡೆ. ನಮ್ಮ ಮನೆಯಾಕೆ ಗೌರಮ್ಮ ಉಪ್ಪುನೀರು ಕಾಸಿ ಕೊಟ್ಟು, "ಬಸ್ಸಿಗೆ ಹಾರ್ನ್ ಐತಲ್ಲ, ಅದುನ್ನ ಒತ್ತಿದ್ರೆ ಸಾಲದೇನು" ಅಂದಳು.

ಮನುಷ್ಯ ನಿಂತ ಜಾಗ ಬಿಡುವುದು ಸುಲಭವಲ್ಲ ನೋಡಿ. ಮದುವೆಯ ಊಟದಲ್ಲಿ ಗಮನಿಸಿ. ಬೆಳಿಗ್ಗೆ ತಿಂಡಿಗೆ ಕಂಬದ ಪಕ್ಕ ಕುಂತವನು ಮಧ್ಯಾಹ್ನ ಛತ್ರವೆಲ್ಲ ಖಾಲಿ ಇದ್ದರೂ ಆ ಕಂಬವನ್ನೇ ಹುಡುಕಿಕೊಂಡು ಬರುತ್ತಾನೆ. ಬೇರೆಯವರು ಕುಂತಿದ್ದರೆ ತನ್ನ ಆಸ್ತಿಯೇ ಹೋದಂಥ ಮುಖ ಮಾಡುತ್ತಾನೆ. ನಾವು ಬಾಡಿಗೆ ಮನೆ ಬದಲಾಯಿಸಿದಾಗ ಬೆಕ್ಕು ಮೂರು ಸಲ ಹಳೆ ಮನೆಗೇ ವಾಪಸು ಹೋಯಿತು. ನಾನೂ ಒಂದು ಸಲ ಹೋಗಿ ಆ ಮನೆಯ ಬಾಗಿಲು ಬಡಿದಿದ್ದೇನೆ. ಹಾಗಾಗಿ ಬೆಕ್ಕಿಗೆ ಬೈಯುವ ಅಧಿಕಾರ ನನಗಿಲ್ಲ.

ಕೊನೆಗೆ ನಮ್ಮ ಸ್ಟ್ಯಾಂಡ್ ಹೇಗೆ ಸಾಗಿತು ಅಂದರೆ, ಮಿರ್ಚಿ ಮಂಡಕ್ಕಿಯ ತಳ್ಳುಗಾಡಿಯವನು ನೆರಳು ಚೆನ್ನಾಗಿದೆ ಅಂತ ಒಂದು ದಿನ ಗಾಡಿಯನ್ನು ಹೊಸ ಜಾಗಕ್ಕೆ ತಳ್ಳಿಕೊಂಡು ಬಂದ. ಮೆಣಸಿನಕಾಯಿ ವಾಸನೆಯ ಹಿಂದೆ ಜನ ಬಂದರು, ಜನರ ಹಿಂದೆ ಬಸ್ಸು ಬಂದವು. ಮಾಲೀಕರು ಶಾಲು ಹೊದಿಸಿದ್ದು ಮಾತ್ರ ನನಗೆ. ಗೌರಮ್ಮ ಆ ಶಾಲನ್ನು ಮಡಿಸಿಡುವಾಗೆಲ್ಲ "ಇದು ಆ ಗಾಡಿಯಣ್ಣಂದು" ಅನ್ನುತ್ತಾಳೆ.

ಪವಿಗೆ ಬಂದದ್ದು ಇದಕ್ಕಿಂತ ಗಟ್ಟಿ ಕಷ್ಟ. ಸಂಘದಲ್ಲಿ ಕೆಲವರು "ಹಳೆಯದರ ಬಾಗಿಲು ಹಾಕಿಬಿಡಿ, ತಾವಾಗೇ ಬರ್ತಾರೆ" ಅಂದರು. ಇನ್ನು ಕೆಲವರು "ಹಂಗೆ ಮಾಡಿದ್ರೆ ನಾವು ಹಳೆಯದನ್ನೇ ಎತ್ತಿಕೊಂಡು ಬೇರೆ ಒಲೆ ಹೂಡ್ತೀವಿ" ಅಂದರು. ಒಲೆ ಎರಡಾದರೆ ಹೆಚ್ಚುವ ಕೈ, ಬಡಿಸುವ ಕೈ ಎಲ್ಲ ಅರ್ಧವಾಗಿ, ಎರಡು ಕಡೆಯೂ ಬೆಂಕಿ ಆರುತ್ತದೆ. ಆಗ ನಮ್ಮ ಹುಡುಗಿ ನಡುವೆ ಬಂದು ಬರೆದಳಂತೆ: "ಬಾಗಿಲು ಹಾಕಬೇಡಿ. ಸ್ವಲ್ಪ ಸಮಯ ಕೊಡಿ. ನಾನು ಕರಕೊಂಡು ಬರ್ತೀನಿ." ಅವರು ಕೊಟ್ಟ ಗಡುವು ನಮ್ಮ ಲೆಕ್ಕಕ್ಕೆ ಸಂಕ್ರಾಂತಿ.

"ಆಗ್ಲಿಲ್ಲ ಅಂದ್ರೇನೆ?" ಅಂತ ಕೇಳಿದೆ.

"ಸಂಘ ಒಡೆಯುತ್ತೆ ತಾತ. ಒಡೆದ್ರೆ ನಾನು ಎರಡು ಕಡೆನೂ ಇರಲ್ಲ" ಅಂದಳು. ಮುಖ ನೋಡಿದೆ. ಹೇಳಿದ್ದು ಹೇಳಿದಂಗೇ ಮಾಡುವ ಮುಖ. ಅದು ಅವರಜ್ಜಿಯ ಕಡೆಯಿಂದ ಬಂದದ್ದು.

ನನಗೆ ಗೊತ್ತಿದ್ದದ್ದು ಒಂದೇ ಉಪಾಯ. "ಎಲ್ಲಾರಿಗೂ ಕೇಳಂಗೆ ಕೂಗು" ಅಂದೆ. "ಕೂಗಿ ಆತು ತಾತ, ಯಾರೂ ತಿರುಗಿ ನೋಡ್ಲಿಲ್ಲ" ಅಂದಳು. ಆಮೇಲೆ ಅವಳು ಮಾಡಿದ್ದೇನು ಗೊತ್ತೇ? ಹಳೆಯದರಲ್ಲಿ ಉಳಿದಿದ್ದವರಿಗೆ ಒಬ್ಬೊಬ್ಬರಿಗೇ ಬರೆದು ಕೇಳತೊಡಗಿದಳು. ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ. "ಬಂದರೆ ನಿಮಗೆ ಏನು ತಪ್ಪಿಹೋಗುತ್ತೆ?" ಅಂತ ಕೇಳಿದಳು. ನಾನು ಅಷ್ಟು ವರ್ಷ ಬಸ್ ಏಜೆಂಟಾಗಿದ್ದೆ, "ಎಲ್ಲಿಗೆ?" ಅನ್ನುವುದು ಬಿಟ್ಟು ಒಬ್ಬ ಪ್ರಯಾಣಿಕನನ್ನೂ ಬೇರೇನೂ ಕೇಳಿದವನಲ್ಲ. ಕೇಳಿದ್ದರೆ ಅವನು "ಮಿರ್ಚಿ" ಅಂತ ಮೊದಲ ದಿನವೇ ಹೇಳುತ್ತಿದ್ದನೇನೋ!

ಉತ್ತರಗಳು ಬಂದವು. ಬೆಳಿಗ್ಗೆ ಇನ್‌ಸ್ಟಿಟ್ಯೂಟಿಗೆ ಹೋಗುವ ಮೊದಲು ಅವಳು ಒಂದೊಂದನ್ನೇ ಕನ್ನಡ ಮಾಡಿ ಹೇಳುತ್ತಿದ್ದಳು. ಎಲ್ಲೋ ನರ್ಸುಗಳಿಗೆ ಪಾಠ ಹೇಳುವ ಶಾಲೆಯವರು, ಇನ್ನೆಲ್ಲೋ ಹಕ್ಕಿ ಎಣಿಸುವ ಮುದುಕರ ಗುಂಪು, ಅಜ್ಜಿಯ ಉಪ್ಪಿನಕಾಯಿಗಳನ್ನೆಲ್ಲ ಬರೆದಿಡುವ ಒಂದು ಮನೆಯವರು. ಗೌರಮ್ಮ ಅವರೆಕಾಯಿ ಸುಲಿಯುತ್ತ ಕುಂತು, ದಿನಾ ಕೇಳುವಳು: "ಹಕ್ಕಿ ಎಣಿಸೋರು ಬಂದ್ರೇನೆ? ಉಪ್ಪಿನಕಾಯೋರು ಒಪ್ಪಿದ್ರಾ? ಅವ್ರಿಗೆ ನಂದೊಂದು ಗಜನಿಂಬೆಕಾಯಿ ಉಪ್ಪಿನಕಾಯಿ ಹೇಳು, ಅದಕ್ಕಾದ್ರೂ ಬರ್ಲಿ."

ಬಹಳ ಜನ ಒಂದೇ ವಸ್ತುವಿನ ಹೆಸರು ಹೇಳಿದ್ದರು. ಪುಟದಲ್ಲಿ ಮನೆಮನೆ ಹಾಕಿ ಟೇಬಲ್ಲು ಬರೆದು, ಬೇಕಾದಂತೆ ಸಾಲುಗಳನ್ನು ಮೇಲೆ ಕೆಳಗೆ ಮಾಡುವ ಒಂದು ಪ್ಲಗಿನ್ನು. ಅದೇ ಅವರ ಮಿರ್ಚಿ ಗಾಡಿ. ಅದನ್ನು ಮಾಡಿದವನು ಫಿನ್ಲೆಂಡಿನ ಒಬ್ಬ ಯಜಮಾನ, ಸಂಘದಲ್ಲಿ ಮಾತು ಬಿಟ್ಟು ಬಹಳ ದಿನವಾಗಿತ್ತು. ಪವಿ ಅವನಿಗೂ ಬರೆದಳು. ಅವನಿಂದ ಒಂದೇ ಸಾಲು ಬಂತು: "ಎಲ್ಲ ಬಿಚ್ಚಿಟ್ಟಿದೆ, ಬೇಕಾದರೆ ತಗೊಳ್ಳಿ."

"ಸರಿ ಹೋತಲ್ಲ, ತಗೊ" ಅಂದೆ. ಸಂಘದ ನಿಯಮದ ಪ್ರಕಾರವೂ ತಗೊಳ್ಳಬಹುದಿತ್ತು.

"ಇದು ಕೊಟ್ಟಂಗಲ್ಲ ತಾತ, ಬಿಟ್ಟಂಗೆ" ಅಂದಳು ಪವಿ. "ಹೊಸದು ಮಾಡುವಾಗ ಯಾರೂ ಅವರನ್ನ ಒಂದು ಮಾತು ಕೇಳಿಲ್ಲ. ಅವರು ಬರದೆ ಅವರ ಸಾಮಾನು ಮಾತ್ರ ಬಂದ್ರೆ, ನಾನು ಯಾರನ್ನ ಕರಕೊಂಡು ಬಂದಂಗಾತು?"

ಇಪ್ಪತ್ತೆರಡು ವರ್ಷದ ಹುಡುಗಿಯ ಬಾಯಲ್ಲಿ ಈ ಮಾತು! ಗೌರಮ್ಮ ಅವರೆಕಾಯಿ ಮೊರ ಪಕ್ಕಕ್ಕಿಟ್ಟು ಮೊಮ್ಮಗಳ ದೃಷ್ಟಿ ತೆಗೆದಳು.

ಪವಿ ಆ ಪ್ಲಗಿನ್ನನ್ನು ಹೊಸ ವರ್ಷನ್ನಿಗೆ ತಾನೇ ಬರೆಯಲು ಕುಂತಳು. ತನಗೆ ಬಂದಷ್ಟು ಬರೆದು, ಸಂಘಕ್ಕೆ ತೋರಿಸುವ ಮೊದಲು ಆ ಯಜಮಾನನಿಗೆ ಕಳಿಸಿ, "ಎಲ್ಲಿ ಕೆಡಿಸಿದ್ದೀನಿ ಹೇಳಿ" ಅಂದಳು. ಒಂದು ವಾರ ಸುದ್ದಿಯಿಲ್ಲ. ಆಮೇಲೆ ಬಂತು ನೋಡಿ, ಮಾರುದ್ದ! ಇಲ್ಲಿ ತಪ್ಪು, ಅಲ್ಲಿ ತಪ್ಪು, ಇದನ್ನು ಹೀಗೆ ಬರೆಯಲು ನಿನಗೆ ಯಾರು ಹೇಳಿಕೊಟ್ಟರು, ಇಲ್ಲಿ ಕೊಡು ನಾನೇ ಸರಿ ಮಾಡುತ್ತೇನೆ, ಅಂತ. ಕೈಕೆಲಸದವನು ಎಲ್ಲವನ್ನೂ ಸಹಿಸಿಯಾನು, ತನ್ನ ಕೆಲಸವನ್ನು ಇನ್ನೊಬ್ಬರು ಸೊಟ್ಟಗೆ ಮಾಡುವುದನ್ನು ನೋಡಿ ಸುಮ್ಮನಿರಲಾರ.

"ಬೇಕಂತಲೇ ಸೊಟ್ಟ ಮಾಡಿ ಕಳಿಸಿದ್ಯೇನೆ, ಕಳ್ಳಿ?" ಅಂದೆ.

"ಇಲ್ಲ ತಾತ, ನಂಗೆ ಬಂದಿದ್ದೇ ಅಷ್ಟು" ಅಂದಳು ನಗುತ್ತ.

ಇಬ್ಬರೂ ಸೇರಿ ಅದನ್ನು ಮುಗಿಸಿದರು. ಅದು ಬಂದದ್ದೇ ತಡ, ನರ್ಸುಗಳ ಶಾಲೆ ಬಂತು, ಉಪ್ಪಿನಕಾಯಿಯವರು ಬಂದರು, ಕೊನೆಗೆ ಹಕ್ಕಿ ಮುದುಕರೂ ಬಂದರು. ಉಳಿದ ಪ್ಲಗಿನ್ನಿನವರು ಜನರ ಸದ್ದು ಕೇಳಿ ತಾವೂ ಎದ್ದು ಬಂದರು. ಬೇರೆ ಒಲೆ ಹೂಡುತ್ತೇವೆ ಅಂದಿದ್ದವರ ದನಿಯೂ ತಣ್ಣಗಾಯಿತು.

ನನಗೆ ಆವತ್ತೇ ಊರಿಗೆಲ್ಲ ಸಕ್ಕರೆ ಹಂಚುವ ಹುಮ್ಮಸ್ಸು. ಆದರೆ ಪವಿ ಮಾತ್ರ ಸಪ್ಪಗಿದ್ದಳು. ಬಂದವರು ಯಾರೂ ಮಾತಾಡುತ್ತಿಲ್ಲ ಅಂತ ಅವಳ ಚಿಂತೆ. ಬಂದು ನೋಡಿ, ಇಷ್ಟವಾಗದೆ, ಹೇಳದೆ ಕೇಳದೆ ಎದ್ದು ಹೋದರೇ? ಗಡುವು ಹತ್ತಿರ ಬಂತು. ಮನೆಯಲ್ಲಿ ಎಳ್ಳು ಹುರಿದ ವಾಸನೆ, ಕೊಬ್ಬರಿ ಹೆಚ್ಚುವ ಸದ್ದು. ಹುಡುಗಿ ಮಾತ್ರ ಕಂಪ್ಯೂಟರಿನ ಖಾಲಿ ಪರದೆ ನೋಡುತ್ತ ಕುಂತಿದ್ದಳು. ನಾನೂ ಹಿಂದೆ ನಿಂತು ನೋಡಿದೆ. ಏನೂ ಅರ್ಥವಾಗಲಿಲ್ಲ.

ಸಂಕ್ರಾಂತಿಯ ಹಿಂದಿನ ದಿನ ಬೆಳಿಗ್ಗೆ ಒಳಗಿನಿಂದ ಕಿರುಚಿದಳು: "ತಾತಾ! ಬೈತಾ ಅವ್ರೆ, ಎಲ್ಲಾ ಸೇರಿ ಬೈತಾ ಅವ್ರೆ!"

ಹಕ್ಕಿಯವರಿಗೆ ಹೊಸದರ ಬಣ್ಣ ಕಣ್ಣು ಕುಕ್ಕುತ್ತಿತ್ತಂತೆ. ನರ್ಸುಗಳಿಗೆ ಹುಡುಕುವ ಜಾಗ ತೀರಾ ಚಿಕ್ಕದಾಗಿತ್ತಂತೆ. ಉಪ್ಪಿನಕಾಯಿಯವರಿಗೆ ಅಕ್ಷರ ಸಣ್ಣದು. ಫಿನ್ಲೆಂಡಿನ ಯಜಮಾನನಿಗಂತೂ ಯಾವುದೂ ಸರಿಯಿಲ್ಲ, ತಪ್ಪು ಹುಡುಕಿ ಹುಡುಕಿ ಕಳಿಸಿದ್ದ. ಆದರೆ ನೋಡಿ, ಅಷ್ಟು ಜನರಲ್ಲಿ ಒಬ್ಬರೂ "ನಮ್ಮನ್ನು ವಾಪಸು ಕಳಿಸಿ" ಅಂದಿರಲಿಲ್ಲ. ಎಲ್ಲರದೂ ಒಂದೇ ಮಾತು, ಇದನ್ನು ಬೇಗ ಸರಿ ಮಾಡಿ ಅಂತ. ಗಡುವಿಗೆ ಮೊದಲೇ ಸಂಘ ಒಡೆಯದೆ ಉಳಿಯಿತು. ಪವಿ ಅತ್ತಳೋ ನಕ್ಕಳೋ ತಿಳಿಯಲಿಲ್ಲ, ಗೌರಮ್ಮನನ್ನು ಅಪ್ಪಿಕೊಂಡು ಅಡುಗೆಮನೆಯಲ್ಲೇ ಒಂದು ಸುತ್ತು ತಿರುಗಿದಳು.

ಬೈಸಿಕೊಂಡು ಕುಣಿಯುವ ಹುಡುಗಿಯನ್ನು ನೋಡಿ ನಾನು ಯೋಚಿಸಿದೆ. ಬೇರೆಯವರ ಮನೆಗೆ ಊಟಕ್ಕೆ ಹೋದಾಗ ಏನು ಬಡಿಸಿದರೂ "ಬಾಳ ಚಲೋ ಆಗೈತೆ" ಅಂತಲೇ ಉಂಡು ಏಳುತ್ತೇವೆ. ತಪ್ಪು ಹೇಳಲು ಬಾಯಿ ಬರುವುದು ತನ್ನ ಮನೆ ಅನ್ನಿಸಿದ ಕಡೆ ಮಾತ್ರ. ಅಷ್ಟು ದೇಶದ ಜನ ಅಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಕುಂತುಬಿಟ್ಟಿದ್ದರು.

ಆವತ್ತು ಮಧ್ಯಾಹ್ನ ಅವರೆಕಾಳಿನ ಸಾರಿಗೆ ಹುಳಿ ಮುಂದಾಗಿತ್ತು. ನಾನು ಎರಡನೇ ತುತ್ತಿಗೇ ಹಾಗಂತ ಹೇಳಿದೆ. ಗೌರಮ್ಮ ಸೌಟು ಎತ್ತಿಕೊಂಡು ನನ್ನ ಕಡೆ ತಿರುಗಿದಳು. ನಾನು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಇನ್ನೊಂದು ಸೌಟು ಬಡಿಸು ಅಂದೆ.